ನೋಲಾಳ ಪಾಲಿನ ದನಿ

ಫೆಬ್ರವರಿ ೨೭, ಮಂಗಳವಾರ

ಬಿಸಿನೀರು, ಜೇನು. ಕಾರಿನಲ್ಲಿ ಕೂತೇ ಗಂಟಲು ಸರಿಮಾಡಿಕೊಂಡೆ. ಮುಂದೆ ಕಾಂಕ್ರೀಟ್ ಲಾರಿ, ಹಿಂದೆ ಕಾಂಕ್ರೀಟ್ ಲಾರಿ. ನ್ಯಾಶ್‌ವಿಲ್‌ನಲ್ಲಿ ಈಗ ಹಾಡುವವರಿಗಿಂತ ಕಟ್ಟಡ ಕಟ್ಟುವವರೇ ಜಾಸ್ತಿ. ಸ್ಟುಡಿಯೋಗೆ ತಡವಾಗಿ ಹೋದೆ.

ಹೋಗಿ ನೋಡಿದರೆ ಜೊತೆದನಿಗೆ ಅಂತ ಹೋಲಿಸ್ ಒಬ್ಬ ಹುಡುಗಿಯನ್ನು ಕರೆಸಿ ನಿಲ್ಲಿಸಿದ್ದಾನೆ. ನನಗೊಂದು ಮಾತು ಹೇಳಿಲ್ಲ. ಪ್ರೊಡ್ಯೂಸರ್ ಆದವನು ಯಾಕೆ ಹೇಳಬೇಕು ಅಂತ ಅವನ ಎಣಿಕೆ. ಹುಡುಗಿ ಹೆಡ್‌ಫೋನ್ ಹಾಕಿಕೊಂಡು ರೆಡಿ. ಪಾಪ, ಅವಳದೇನು ತಪ್ಪು. ಬೇಡಮ್ಮ, ಹೋಗು ಅಂದೆ.

"ನೋಲಾ ಡೆಮೊದಲ್ಲಿ ಹಾಡಿದ್ದು ಇದೆಯಲ್ಲ. ಅದನ್ನೇ ಇಡು."

"ಅದು ಡೆಮೊ ಕಣೇ ರೀಥಾ, ಮಾದರಿಗೆ ಅಂತ ಮಾಡಿದ್ದು. ಕೊನೇ ಪಲ್ಲವಿಗೆ ಮುಂಚೆ ಅವಳು ನಗೋದು ಬೇರೆ ಬಂದಿದೆ."

"ಬರಲಿ."

"ರೇಡಿಯೋದಲ್ಲಿ ಅದು..."

"ನಗಲಿ ಬಿಡೋ."

ಹೋಲಿಸ್ ಡೆಮೊದ ಫೈಲ್ ತೆರೆದ. ನೋಲಾ ಹೋಗಿದ್ದು ಜನವರಿಯಲ್ಲಿ. ಅಲ್ಲಿ ಊರಲ್ಲಿ, ಬೆಳಿಗ್ಗೆ ಶಾಲೆಯ ಅಡಿಗೆಮನೆ ಕೆಲಸಕ್ಕೆ ಹೊರಟವಳು. ಸೇತುವೆ ಮೇಲೆ ಮಂಜುಗಡ್ಡೆ, ಕಾರು ಜಾರಿತು. ಅಷ್ಟೇ. ನನ್ನ ಒಬ್ಬಳೇ ತಂಗಿ, ಇದರ ಮೇಲೆ ಬರೆಯುವುದಕ್ಕೆ ಏನೂ ಇಲ್ಲ.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಹಾಡುವವರು ಯಾರಾದರೂ ತೀರಿಹೋದರೆ ವರ್ಷ ತುಂಬುವ ತನಕ ಅವರ ಪಾಲಿನ ದನಿಯನ್ನು ಇನ್ನೊಬ್ಬರು ಎತ್ತುವಂತಿಲ್ಲ. ಅಜ್ಜ ಹೋದಾಗ ಚರ್ಚಿನಲ್ಲಿ ವರ್ಷವಿಡೀ ಕೆಳದನಿ ಇಲ್ಲದೆಯೇ ಹಾಡಿದೆವು. ಹಲ್ಲು ಬಿದ್ದ ಬಾಯಿಯ ಹಾಗಿತ್ತು. ನೋಲಾಳದು ಮೇಲಿನ ದನಿ. ಅದನ್ನು ಯಾವಳೋ ಹುಡುಗಿ ಗಂಟೆಯ ಲೆಕ್ಕಕ್ಕೆ ಬಂದು ಹಾಡಿಹೋದರೆ ಅಮ್ಮ ನನ್ನ ಮುಖ ನೋಡುವುದಿಲ್ಲ. ಇನ್ನೊಬ್ಬರು ಹಾಡಬಾರದು ಅಂತ ತಾನೆ ಇರುವುದು? ಅವಳದನ್ನು ಅವಳೇ ಹಾಡಿದರೆ ಯಾರ ಅಡ್ಡಿ?

ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡು ಬಂದಿದ್ದೇನೆ.

ಮಾರ್ಚ್ ೩, ಭಾನುವಾರ

ಅಮ್ಮನಿಗೆ ಫೋನ್. ಚರ್ಚ್ ಮುಗಿಸಿ ಬಂದು ಬೀನ್ಸ್ ಬೇಯಲು ಇಟ್ಟಿದ್ದಳು. ಕುಕ್ಕರಿನ ಸದ್ದು ಇಲ್ಲಿಗೂ ಕೇಳಿಸುತ್ತಿತ್ತು.

"'ಎರಡನೇ ತಟ್ಟೆ' ಹಾಡು ಮುಗೀತಮ್ಮ. ಈ ತಿಂಗಳ ಕೊನೆಗೆ ಬಿಡ್ತಾರೆ. ನೋಲಾ ಡೆಮೊದಲ್ಲಿ ಹಾಡಿದ್ದನ್ನೇ ಇಟ್ಟಿದೀವಿ."

ಅಮ್ಮ ಒಲೆ ಆರಿಸಿದಳು, ಕುಕ್ಕರಿನ ಸದ್ದು ನಿಂತಿತು.

"ಅವಳೇ ಹಾಡಿದಾಳಾ?"

"ಹೂಂ. ಬೇರೆ ಯಾರೂ ಮುಟ್ಟಿಲ್ಲ."

"ನಿಂಗೆ ಅದು ಬೇಕಾ?"

"ಬೇಕು ಅಮ್ಮ."

"ಸರಿ ಬಿಡು ಹಾಗಾದ್ರೆ. ಊಟ ಸರಿಯಾಗಿ ಮಾಡ್ತಿದೀಯಾ?"

ಒಪ್ಪಿದಳು. ಎದೆ ಹಗುರಾಯಿತು.

ಏಪ್ರಿಲ್ ೧೮, ಗುರುವಾರ. ಬರ್ಮಿಂಗ್‌ಹ್ಯಾಮ್, ಮೋಟೆಲ್

ದಿನಕ್ಕೆ ಎರಡು ರೇಡಿಯೋ ಸ್ಟೇಷನ್. ಎಲ್ಲ ಕಡೆ ಅದೇ ಮೀಟಿಂಗ್ ರೂಮು, ಅದೇ ಆರಿದ ಪಿಜ್ಜಾ, ಕೂತು ತಿನ್ನುತ್ತಿರುವ ಅವೇ ಗಂಡಸರು. ಅವರ ಮುಂದೆ ಗಿಟಾರ್ ಹಿಡಿದು ಒಬ್ಬಳೇ ಹಾಡಬೇಕು. ಹಿಡಿಸಿದರೆ ಸೋಮವಾರ ತಮ್ಮ ಪಟ್ಟಿಗೆ ಸೇರಿಸುತ್ತಾರೆ. ಕರೆದುಕೊಂಡು ತಿರುಗುವವನು ಗ್ರೇಡಿ. ರೆಕಾರ್ಡ್ ಕಂಪನಿಯಲ್ಲಿ ರೇಡಿಯೋದವರ ಕೈಕಾಲು ಹಿಡಿಯುವ ಕೆಲಸ ಅವನದು. ಅರವತ್ತು ದಾಟಿದೆ, ಬೂಟು ಮಾತ್ರ ಇಪ್ಪತ್ತರದು.

ಹಾಡು ತಮಾಷೆಯದು. ಗಂಡ ಬಿಟ್ಟುಹೋಗಿದ್ದಾನೆ, ಹೆಂಗಸು ಅಭ್ಯಾಸಬಲದಿಂದ ದಿನಾ ಎರಡು ತಟ್ಟೆ ಇಡುತ್ತಾಳೆ. ಒಂದು ದಿನ ಎರಡನೇ ತಟ್ಟೆಯನ್ನು ನಾಯಿಗೆ ಇಡುತ್ತಾಳೆ. ನಾಯಿ ಬಾಲ ಆಡಿಸಿಕೊಂಡು ತಿನ್ನುತ್ತದೆ, ಉಪ್ಪು ಕಡಿಮೆ ಅನ್ನುವುದಿಲ್ಲ. ನಾನೂ ನೋಲಾಳೂ ಅಮ್ಮನ ಅಡಿಗೆಮನೆಯಲ್ಲಿ ಕೂತು ಬರೆದಿದ್ದು. ಎಲ್ಲರೂ ನಗುತ್ತಾರೆ. ನಗಬೇಕು ಅಂತಲೇ ಬರೆದಿದ್ದು.

ಪಲ್ಲವಿಯಲ್ಲಿ ನೋಲಾ ಏರುವ ಜಾಗ ಬಂದಾಗ ನಾನು ಸ್ವಲ್ಪ ಬಲಕ್ಕೆ ಸರಿಯುತ್ತೇನೆ. ಚಿಕ್ಕಂದಿನಿಂದ ಒಂದೇ ಮೈಕಿನಲ್ಲಿ ಹಾಡಿದ ಅಭ್ಯಾಸ — ಅವಳಿಗೆ ಜಾಗ ಬಿಡುವುದು. ಇವತ್ತು ಸರಿದೆ. ಅವಳ ದನಿ ಬಂತು. ಬಂತು ಅಂದರೆ ಬಂತು. ಕಿವಿಯ ಪಕ್ಕದಲ್ಲಿ, ಉಸಿರು ಸಮೇತ.

ಹೊರಗೆ ಬಂದ ಮೇಲೆ ಕೌಂಟರಿನ ಹೆಂಗಸು, "ನಿಮ್ಮಿಬ್ಬರ ಹಾಡು ಬಾಗಿಲಾಚೆಗೂ ಚೆನ್ನಾಗಿ ಕೇಳಿಸ್ತು" ಅಂದಳು. ಅವಳಿಗೆ ಗ್ರೇಡಿಯೂ ಹಾಡಿದ ಅಂತ ಅನಿಸಿರಬೇಕು. ಗ್ರೇಡಿ ಸುಮ್ಮನೆ ನಕ್ಕ. ನಾನು ಕಾರಿಗೆ ಹೋಗಿ ಕೂತೆ. ಹೆದರಿಕೆ ಆಗಲಿಲ್ಲ. ಖುಷಿ ಆಯಿತು. ಆಗ ಹೆದರಿಕೆ ಆಯಿತು.

ಮೇ ೨೬, ಭಾನುವಾರ. ಊರು

ಗೋರಿ ಸಿಂಗರಿಸುವ ದಿನ. ಬೆಳಿಗ್ಗೆಯೇ ಗುಡ್ಡದ ಮೇಲೆ ಎಲ್ಲರೂ ಸೇರಿದೆವು. ಕಳೆ ಕಿತ್ತು, ಮಣ್ಣು ಏರಿಸಿ, ಹೂವಿಟ್ಟು, ಉದ್ದ ಮೇಜಿನ ಮೇಲೆ ಊಟ ಹರಡಿದೆವು. ನೋಲಾಳ ಕಲ್ಲು ಇನ್ನೂ ಹೊಸದು, ಮುಟ್ಟಿದರೆ ಕೈಗೆ ಪುಡಿ ಹತ್ತುತ್ತದೆ.

ಊಟಕ್ಕೆ ಮುಂಚೆ ಹಾಡು. ಮೇಲಿನ ದನಿ ಖಾಲಿ. ಅರವತ್ತು ಎಪ್ಪತ್ತು ಜನ, ಒಬ್ಬರೂ ಅದನ್ನು ಎತ್ತಲಿಲ್ಲ. ಮಕ್ಕಳಿಗೂ ಗೊತ್ತು. ಹಾಡು ನಡುವೆ ಬಾಯಿ ತೆರೆದುಕೊಂಡ ಹಾಗೆ ಇತ್ತು. ನನ್ನ ಕಿವಿ ಮಾತ್ರ ಸುಮ್ಮನಿರಲಿಲ್ಲ, ತಾನೇ ತುಂಬಿಸಿಕೊಳ್ಳುತ್ತಿತ್ತು.

ಆಮೇಲೆ ಆಗಿದ್ದು ಇದು. ಕೆಳಗೆ ಯಾರದೋ ಪಿಕಪ್ಪಿನ ಬಾಗಿಲು ತೆರೆದಿತ್ತು, ರೇಡಿಯೋ ಆನ್. ನಮ್ಮೂರಿನ ಸ್ಟೇಷನ್. ನಮ್ಮ ಹಾಡು ಬಂತು. ತಟ್ಟೆ ಹಿಡಿದವರೆಲ್ಲ ಹಾಗೇ ನಿಂತರು. ಗೋರಿಯ ಮುಂದೆ ನೋಲಾ ನಾಯಿಗೆ ತಟ್ಟೆ ಇಡುತ್ತಿದ್ದಾಳೆ, ನಗುತ್ತಿದ್ದಾಳೆ.

ಡೆಲ್ಫಿಯಾ ದೊಡ್ಡಮ್ಮ ನನ್ನ ಪಕ್ಕದಲ್ಲೇ ಇದ್ದಳು. ಅಮ್ಮನ ಅಕ್ಕ. ಬಾಯಿಗೆ ಬೀಗವಿಲ್ಲ.

"ಸತ್ತೋಳ ಕೈಲೂ ದುಡಿಸ್ತೀಯಲ್ಲೇ ತಾಯಿ. ಮಣ್ಣಲ್ಲಾದ್ರೂ ಸುಮ್ನೆ ಮಲಗೋಕೆ ಬಿಡು ಅವಳನ್ನ."

"ಅಮ್ಮನ್ನ ಕೇಳೇ ಮಾಡಿದ್ದು ದೊಡ್ಡಮ್ಮ."

"ನಿಮ್ಮಮ್ಮ ನಿಂಗೆ ಯಾವತ್ತು ಇಲ್ಲ ಅಂದಿದಾಳೆ?"

ಅಮ್ಮ ಎದ್ದು ಪಿಕಪ್ಪಿನ ಹತ್ತಿರ ಹೋದಳು. ಆರಿಸುತ್ತಾಳೆ ಅಂದುಕೊಂಡೆ. ಆರಿಸಲಿಲ್ಲ. ಬಾಗಿಲ ಮೇಲೆ ಕೈಯಿಟ್ಟು ಹಾಡು ಮುಗಿಯುವ ತನಕ ನಿಂತಳು. ಮುಗಿದ ಮೇಲೂ ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಬಂದು ಎಲ್ಲರ ತಟ್ಟೆಗೂ ಕಾರ್ನ್‌ಬ್ರೆಡ್ ಹಾಕಿದಳು.

ಅಮ್ಮನಿಗೆ ಆ ದನಿ ಬೇಕು. ದೊಡ್ಡಮ್ಮ ಏನಾದರೂ ಅಂದುಕೊಳ್ಳಲಿ.

ಜುಲೈ ೧೩, ಶನಿವಾರ. ಕೆಂಟಕಿಯಲ್ಲಿ ಶೋ

ದೇಶದ ರೇಡಿಯೋ ಪಟ್ಟಿಯಲ್ಲಿ ನಮ್ಮ ಹಾಡು ಈ ವಾರ ಇಪ್ಪತ್ತೊಂಬತ್ತು. ಹೋದ ವಾರ ಮೂವತ್ತನಾಲ್ಕು. ಗ್ರೇಡಿ ಫೋನಿನಲ್ಲಿ ಅಕ್ಷರಶಃ ಹಾಡಿದ. ಹಾಡಬಾರದಿತ್ತು.

ಇವತ್ತು ಬಯಲಲ್ಲಿ ನಾಲ್ಕೈದು ಸಾವಿರ ಜನ. ಪಲ್ಲವಿಗೆ ಮೈಕನ್ನು ಅವರ ಕಡೆ ಹಿಡಿದೆ, ಎಲ್ಲರೂ ಮಾಡುವ ಹಾಗೆ. ಹಾಡಿದರು. ನನ್ನ ದನಿಯನ್ನಲ್ಲ, ನೋಲಾಳದನ್ನು. ಅಷ್ಟೂ ಜನ ಮೇಲಿನ ದನಿಯನ್ನೇ ಕಲಿತುಬಿಟ್ಟಿದ್ದಾರೆ. ಕೊನೆಯ ಪಲ್ಲವಿಗೆ ಮುಂಚೆ, ಅವಳು ನಗುವ ಕಡೆ, ಎಲ್ಲರೂ ನಕ್ಕರು.

ಹೊಟ್ಟೆಕಿಚ್ಚಾಯಿತು. ಯಾರೂ ಓದದ ಪುಸ್ತಕ ಇದು, ಬರೆದರೆ ಏನು. ಇಪ್ಪತ್ತು ವರ್ಷ ನ್ಯಾಶ್‌ವಿಲ್‌ನಲ್ಲಿ ಚಪ್ಪಲಿ ಸವೆಸಿದವಳು ನಾನು. ಅವಳು ಒಂದು ಮಧ್ಯಾಹ್ನ ಬಂದು, ಹಾಡಿ, ಬರ್ಗರ್ ತಿಂದು ಹೋದಳು. ಜನಕ್ಕೆ ಬೇಕಾಗಿರುವುದು ಅವಳೇ. ಚಿಕ್ಕಂದಿನಲ್ಲೂ ಹೀಗೇ ಆಗುತ್ತಿತ್ತು, ಚರ್ಚಿನಲ್ಲಿ ಕೆನ್ನೆ ಹಿಂಡಿಸಿಕೊಳ್ಳುತ್ತಿದ್ದವಳು ಅವಳೇ. ಆಗ ಮನೆಗೆ ಬಂದು ಅವಳ ಜಡೆ ಎಳೆಯುತ್ತಿದ್ದೆ. ಈಗ ಯಾರ ಜಡೆ ಎಳೆಯಲಿ?

ಬಸ್ಸಿಗೆ ಬಂದು ಅತ್ತೆ. ಡ್ರೈವರ್ ನೀರು ತಂದುಕೊಟ್ಟ.

ಆಗಸ್ಟ್ ೮, ಗುರುವಾರ

ಸೂಪರ್‌ಮಾರ್ಕೆಟ್ಟಿನಲ್ಲಿ ಹಾಲು ತೆಗೆದುಕೊಳ್ಳುತ್ತಿದ್ದೆ. ಮೇಲಿನಿಂದ ಅವಳ ನಗು. ತಿರುಗಿ ನೋಡಿದೆ. ನೋಡದೆ ಇರಲು ಆಗುವುದಿಲ್ಲ. ಪೆಟ್ರೋಲ್ ಬಂಕಿನಲ್ಲಿ, ಹಲ್ಲಿನ ಡಾಕ್ಟರ ಹತ್ತಿರ, ಪಕ್ಕದ ಮನೆಯವನು ಹುಲ್ಲು ಕತ್ತರಿಸುವಾಗ. ಪ್ರತಿ ಸಲ ತಿರುಗುತ್ತೇನೆ.

ನಗು ಸ್ವಲ್ಪ ಉದ್ದ ಆಗಿದೆ ಅನಿಸುತ್ತಿದೆ. ಹೋಲಿಸ್‌ಗೆ ಫೋನ್ ಮಾಡಿ, ಯಾರಾದರೂ ಮತ್ತೆ ಮಿಕ್ಸ್ ಮಾಡಿದ್ದಾರಾ ಅಂತ ಕೇಳಿದೆ.

"ಇಲ್ಲ ಕಣೇ. ಫೆಬ್ರವರಿಯಲ್ಲಿ ಇದ್ದಷ್ಟೇ ಇದೆ. ನಿದ್ದೆ ಮಾಡು."

ಸರಿ, ನನ್ನ ಕಿವಿಯೇ ಕೆಟ್ಟಿರಬೇಕು.

ಸೆಪ್ಟೆಂಬರ್ ೧೫, ಭಾನುವಾರ. ಊರು

ಹನ್ನೊಂದನೇ ಸ್ಥಾನ. ಚರ್ಚಿನಲ್ಲಿ ಪಾದ್ರಿ ನನ್ನ ಹೆಸರು ಹೇಳಿದರು. ಕೈಕುಲುಕಿದವರೆಲ್ಲ ನನ್ನ ಕೈ ಹಿಡಿದು ನೋಲಾಳ ವಿಷಯ ಮಾತಾಡಿದರು.

ಅಮ್ಮ ಇಳಿದುಹೋಗಿದ್ದಾಳೆ. ಗೌನು ಭುಜದಿಂದ ಜಾರುತ್ತದೆ. ಸಂಜೆ ಐದಾದರೆ ಶಾಲು ಹೊದ್ದು ಅಂಗಳದಲ್ಲಿ ನಿಂತಿರುವ ಅಪ್ಪನ ಹಳೇ ಟ್ರಕ್ಕಿಗೆ ಹೋಗಿ ಕೂರುತ್ತಾಳೆ. ಅಪ್ಪ ಹೋದ ಮೇಲೆ ಅದು ಎಲ್ಲಿಗೂ ಹೋಗಿದ್ದಿಲ್ಲ, ಬ್ಯಾಟರಿ ಮಾತ್ರ ಇದೆ. ಐದಕ್ಕೆ ನಮ್ಮೂರಿನ ಸ್ಟೇಷನ್ನಿನಲ್ಲಿ ಬರ್ಲ್ ಮಾಮನ ಕಾರ್ಯಕ್ರಮ. ಜನ ಫೋನ್ ಮಾಡಿ ಕೇಳಿದ ಹಾಡು ಹಾಕುತ್ತಾನೆ.

"ಒಳಗೇ ರೇಡಿಯೋ ಇದೆಯಲ್ಲಮ್ಮ."

"ಒಳಗೆ ಗೊರಗೊರ ಅನ್ನುತ್ತೆ."

"ಫೋನಲ್ಲಿ ಹಾಕಿಕೊಡ್ತೀನಿ, ಬೇಕಾದಾಗ ಕೇಳ್ಬಹುದು."

"ಬೇಡ."

ನಾನೂ ಹೋಗಿ ಪಕ್ಕದಲ್ಲಿ ಕೂತೆ. ಆ ಟ್ರಕ್ಕಿನಲ್ಲಿ ಬಲಗಡೆ ಬಾಗಿಲಿನ ಸ್ಪೀಕರ್ ಒಂದೇ ಕೆಲಸ ಮಾಡುವುದು. ಹೋಲಿಸ್ ಮಿಕ್ಸ್ ಮಾಡುವಾಗ ನೋಲಾಳ ದನಿಯನ್ನು ಕೂರಿಸಿರುವುದೂ ಬಲಗಡೆ ಸ್ಪೀಕರಿಗೇ. ಹಾಡು ಬಂದಾಗ ನನ್ನ ದನಿ ದೂರ, ಅವಳದು ಮೊಣಕಾಲ ಹತ್ತಿರ. ನಗು ಬಂತು. ಅಮ್ಮ ಎರಡೂ ಕೈಯನ್ನು ತೊಡೆಯ ನಡುವೆ ಹಿಸುಕಿ ಹಿಡಿದುಕೊಂಡಿದ್ದಳು. ನಾನು ಅತ್ತೆ. ಅವಳು ನನ್ನ ಬೆನ್ನು ಸವರಿ, "ಕೇಳು, ಕೇಳು" ಅಂದಳು.

ಹೀಗೆ ದಿನಾ ಬಂದು ಕೂರುತ್ತಾಳೆ ಅಮ್ಮ. ಮಗಳು ದಿನಕ್ಕೊಮ್ಮೆ ಬಂದುಹೋಗುತ್ತಾಳೆ ಅಂತ ಕಾಯುತ್ತಾಳೆ. ಹಾಡು ಮೇಲಿರುವಷ್ಟು ದಿನ ನೋಲಾ ಬರುತ್ತಾಳೆ. ಆಮೇಲೆ? ಈ ಯೋಚನೆ ಇವತ್ತೇ ಬಂದಿದ್ದು. ಬಂದ ಮೇಲೆ ಹೋಗುತ್ತಿಲ್ಲ.

ಅಕ್ಟೋಬರ್ ೨೨, ಮಂಗಳವಾರ

ನಾಲ್ಕು. ಹೋದ ವಾರವೂ ನಾಲ್ಕು. ಅದರ ಹಿಂದಿನ ವಾರವೂ.

ಗ್ರೇಡಿ ಊಟಕ್ಕೆ ಕರೆದ. ಕೋಳಿ ತರಿಸಿದ, ತಾನು ಮುಟ್ಟಲಿಲ್ಲ. ಆಗಲೇ ಗೊತ್ತಾಯಿತು ಏನೋ ಇದೆ ಅಂತ.

"ನೋಡಮ್ಮ, ಹಾಡು ಕೂತ್ಕೊಂಡಿದೆ. ತಳ್ಳಬೇಕು. ಡ್ರೂ ಹ್ಯಾಲರನ್ ಜೊತೆ ಮಾತಾಡಿದೀವಿ. ಒಪ್ಪಿದಾನೆ."

ಡ್ರೂ ಈ ವರ್ಷ ಮುಟ್ಟಿದ್ದೆಲ್ಲ ಮೊದಲನೇ ಸ್ಥಾನಕ್ಕೆ ಹೋಗಿದೆ.

"ಏನು ಒಪ್ಪಿದಾನೆ?"

"ನಿನ್ನ ಜೊತೆ ಹಾಡೋಕೆ. ಮೇಲಿನ ದನಿ ತೆಗೆದು ಅಲ್ಲಿ ಅವನದು. ಹೊಸ ವರ್ಷನ್. ಸ್ಟೇಷನ್ನೋರೆಲ್ಲ ಹಳೇದು ಬಿಟ್ಟು ಅದನ್ನೇ ಹಾಕ್ತಾರೆ. ಮೂರು ವಾರದಲ್ಲಿ ನಂಬರ್ ಒನ್. ಬರೆದುಕೊಡ್ಲಾ?"

"ನೋಲಾ?"

"ನೋಲಾ ಆಲ್ಬಮ್ಮಲ್ಲಿ ಇರ್ತಾಳೆ. ಎಲ್ಲಿಗೂ ಹೋಗಲ್ಲ."

ಆಲ್ಬಮ್ ಅಮ್ಮನ ಟ್ರಕ್ಕಿಗೆ ಬರುವುದಿಲ್ಲ. ಇದನ್ನು ಗ್ರೇಡಿಗೆ ಹೇಗೆ ಹೇಳಲಿ?

"ಯೋಚನೆ ಮಾಡ್ತೀನಿ."

"ಮಾಡು. ಶುಕ್ರವಾರದ ಒಳಗೆ ಮಾಡು. ಇನ್ನೊಂದು ಮಾತು — ನಂಬರ್ ಒನ್ ಆದ್ರೆ ನಿಂಗೆ ಎರಡನೇ ಆಲ್ಬಮ್ ಖಂಡಿತ. ಆಗ್ಲಿಲ್ಲ ಅಂದ್ರೆ ನನ್ನ ಕೈಲಿ ಇಲ್ಲ."

ಮೂವತ್ತೆಂಟು ನನಗೆ. ಈ ಊರಲ್ಲಿ ಹೆಂಗಸಿಗೆ ಇದು ಕೊನೇ ಬಸ್ಸು. ಬಾಗಿಲು ತೆರೆದಿದೆ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ.

ಅಕ್ಟೋಬರ್ ೨೪, ಗುರುವಾರ

ಅಮ್ಮನಿಗೆ ಫೋನ್ ಮಾಡಿದೆ. ಡ್ರೂ ವಿಷಯ ಬಾಯಿಗೆ ಬಂತು, ಹೊರಗೆ ಬರಲಿಲ್ಲ. ಕೇಳಿದರೆ "ನಿಂಗೆ ಹೇಗೆ ಬೇಕೋ ಹಾಗೆ" ಅನ್ನುತ್ತಾಳೆ. ತನಗೆ ಬೇಕು ಅಂತ ಜೀವ ಹೋದರೂ ಹೇಳುವವಳಲ್ಲ.

"ಟ್ರಕ್ಕಲ್ಲಿ ಚಳಿ ಅಲ್ವಾ ಅಮ್ಮ?"

"ಎರಡು ಶಾಲು ಹಾಕ್ಕೊಂಡು ಹೋಗ್ತೀನಿ."

ಇನ್ನೇನು ಕೇಳುವುದಿದೆ.

ಅಕ್ಟೋಬರ್ ೨೫, ಶುಕ್ರವಾರ

ಇಲ್ಲ ಅಂದೆ.

ಗ್ರೇಡಿ ಕೂಗಾಡುತ್ತಾನೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ. ಹ್ಯಾಟು ತೆಗೆದು ಮೇಜಿನ ಮೇಲಿಟ್ಟ.

"ಕೈಗೆ ಬಂದ ತುತ್ತು ಕಣಮ್ಮ."

"ಗೊತ್ತು."

"ಯಾರಿಗೋಸ್ಕರ? ಅವಳಿಗೆ ಗೊತ್ತಾಗಲ್ಲ."

"ಅವಳಿಗೋಸ್ಕರ ಅಲ್ಲ."

ಮತ್ತೆ ಕೇಳಲಿಲ್ಲ. ದೊಡ್ಡ ಮನುಷ್ಯ. ಬಾಗಿಲ ತನಕ ಬಂದು, ಇದ್ದ ಹಾಡನ್ನೇ ಎಷ್ಟಾಗುತ್ತದೋ ಅಷ್ಟು ತಳ್ಳಿ ನೋಡುತ್ತೇನೆ ಅಂದ.

ನವೆಂಬರ್ ೧೮, ಸೋಮವಾರ

ಎರಡು.

ಒಂದಕ್ಕೆ ಕೂದಲೆಳೆಯಷ್ಟು ಕಮ್ಮಿ. ಮೇಲಿರುವುದು ಡ್ರೂ ಹ್ಯಾಲರನ್ ಇನ್ನೊಬ್ಬಳ ಜೊತೆ ಹಾಡಿದ್ದು. ನಾನು ಬಿಟ್ಟ ಜಾಗವನ್ನು ಅವಳು ಹಿಡಿದಳು. ನಕ್ಕೆ. ಆಮೇಲೆ ಕಪಾಟಿನಲ್ಲಿದ್ದ ಒಂದು ಬಟ್ಟಲು ತೆಗೆದು ಸಿಂಕಿಗೆ ಎಸೆದೆ. ಒಡೆಯಲಿಲ್ಲ, ಸ್ಟೀಲು.

ಕಂಪನಿಯವರು ಹೂವು ಕಳಿಸಿದ್ದಾರೆ. ಹೂವು ಕಳಿಸಿದರೆ ಮುಗಿಯಿತು ಅಂತ. ನಾಳೆಯಿಂದ ಗ್ರೇಡಿ ಬೇರೆ ಹಾಡಿಗೆ ಫೋನ್ ಮಾಡಬೇಕು. ತಳ್ಳುವ ಕೈ ತೆಗೆದ ಮೇಲೆ ಹಾಡು ಇಳಿಯುವುದು ಎಲ್ಲರಿಗೂ ಗೊತ್ತಿರುವುದೇ. ಏರಲು ಏಳೆಂಟು ತಿಂಗಳು, ಇಳಿಯಲು ಎರಡು ವಾರ.

ಅಮ್ಮನಿಗೆ ಹೇಳಿದೆ. "ಎರಡನೇದು ಅಂದ್ರೆ ಕಮ್ಮಿನಾ? ಇಡೀ ದೇಶದಲ್ಲಿ" ಅಂದಳು. ದನಿಯಲ್ಲಿ ಹೆಮ್ಮೆ ಇತ್ತು. ನಾನು ಏನು ಕೊಟ್ಟು ಏನು ಉಳಿಸಿಕೊಂಡೆ ಅಂತ ಅವಳಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಡಿಸೆಂಬರ್ ೨, ಸೋಮವಾರ

ಹತ್ತೊಂಬತ್ತು.

ಸೂಪರ್‌ಮಾರ್ಕೆಟ್ಟಿನಲ್ಲಿ ಬರೀ ಕ್ರಿಸ್‌ಮಸ್ ಹಾಡು. ಹಾಲಿನ ಹತ್ತಿರ ಬೇಕೆಂದೇ ನಿಂತಿದ್ದೆ. ನೋಲಾ ಬರಲಿಲ್ಲ. ಮನೆಗೆ ಬಂದು ನಾನೇ ಹಾಕಿ ಕೇಳಬಹುದಿತ್ತು. ಹಾಕಲಿಲ್ಲ. ತಾನಾಗಿ ಬರುವುದು ಬೇರೆ.

ಸಂಜೆ ಐದಕ್ಕೆ ನಮ್ಮೂರಿನ ಸ್ಟೇಷನ್ನಿಗೆ ಫೋನ್ ಮಾಡಿದೆ. ಮೂಗು ಹಿಡಿದುಕೊಂಡು, ಮುದುಕಿಯ ದನಿಯಲ್ಲಿ, "ಎರಡನೇ ತಟ್ಟೆ ಹಾಕಪ್ಪ" ಅಂದೆ. ಬರ್ಲ್ ಮಾಮ "ಆಗಲಿ ತಾಯಿ" ಅಂದ. ಇಂಟರ್ನೆಟ್ಟಿನಲ್ಲಿ ಆ ಸ್ಟೇಷನ್ ಹಚ್ಚಿಕೊಂಡು ಕಾದೆ. ಹಾಕಿದ. ಅಮ್ಮ ಟ್ರಕ್ಕಿನಲ್ಲಿ ಕೂತಿರುತ್ತಾಳೆ. ಇವತ್ತಿಗೆ ಆಯಿತು.

ಡಿಸೆಂಬರ್ ೬, ಶುಕ್ರವಾರ

ಮಂಗಳವಾರ ಮುದುಕಿ. ಬುಧವಾರ ಲಾರಿ ಡ್ರೈವರ್. ನಿನ್ನೆ ಸ್ಕೂಲು ಹುಡುಗಿ, ಅದು ಚೆನ್ನಾಗಿ ಬರಲಿಲ್ಲ. ಇವತ್ತು ಮತ್ತೆ ಮುದುಕಿ. ದೇಶದಲ್ಲಿ ಎರಡನೇ ಸ್ಥಾನಕ್ಕೆ ಹೋದ ಗಾಯಕಿ ಅಡಿಗೆಮನೆಯಲ್ಲಿ ಮೂಗು ಹಿಡಿದುಕೊಂಡು ನಿಂತಿದ್ದಾಳೆ. ಯಾರಾದರೂ ನೋಡಿದರೆ ಹುಚ್ಚು ಹಿಡಿದಿದೆ ಅನ್ನುತ್ತಾರೆ.

ಹಾಕುತ್ತಿದ್ದಾನಲ್ಲ, ಸಾಕು.

ಡಿಸೆಂಬರ್ ೧೧, ಬುಧವಾರ

ಇವತ್ತು ಬಾಯಿ ತೆರೆಯುವ ಮುಂಚೆಯೇ ಬರ್ಲ್ ಮಾಮ, "ರೀಥಾ" ಅಂದ.

ಮೂಗಿನಿಂದ ಕೈ ತೆಗೆದೆ.

"ನೀನು ತೊಟ್ಟಿಲಲ್ಲಿ ಅತ್ತಿದ್ದು ಕೇಳಿದೋನು ನಾನು. ಮೂಗು ಹಿಡ್ಕೊಂಡ್ರೆ ಗೊತ್ತಾಗಲ್ವಾ? ಸೋಮವಾರವೇ ಗೊತ್ತಾಯ್ತು."

"ಅಮ್ಮನಿಗೆ ಹೇಳ್ಬೇಡಿ ಮಾಮ. ಅವಳಿಗೋಸ್ಕರ ಮಾಡ್ತಿರೋದು. ಅವಳು ದಿನಾ ಕಾಯ್ತಾಳೆ."

ಆ ಕಡೆ ರೆಕಾರ್ಡು ಓಡುತ್ತಿತ್ತು, ಯಾವುದೋ ಹಳೇ ಹಾಡು.

"ರೀಥಾ, ನಿಮ್ಮಮ್ಮನೂ ಫೋನ್ ಮಾಡ್ತಾಳೆ. ದಿನಾ. ಮೇ ತಿಂಗಳಿಂದ."

"ಅಮ್ಮನಾ?"

"ಐದಕ್ಕೆ ಐದು ನಿಮಿಷ ಇರೋವಾಗ. ಅವಳೂ ಹೇಳ್ಬೇಡ ಅಂದಿದಾಳೆ. ಅವಳು ಏನಂತಾಳೆ ಗೊತ್ತಾ? ರೀಥಾಗೆ ತಂಗಿ ದನಿ ಬಿಡೋಕೆ ಆಗ್ತಿಲ್ಲ ಬರ್ಲ್, ಅವಳಿಗೋಸ್ಕರ ಹಾಕು. ಹಾಡು ಮೇಲೆ ಹೋದ್ರೆ ಅವಳಾದ್ರೂ ಉಳ್ಕೋತಾಳೆ ಅಂತ."

ಫೋನ್ ಇಟ್ಟೆನೋ ಅವನೇ ಇಟ್ಟನೋ ನೆನಪಿಲ್ಲ.

ಡಿಸೆಂಬರ್ ೧೨, ಗುರುವಾರ. ಊರು

ಬೆಳಿಗ್ಗೆ ಹೊರಟು ಮಧ್ಯಾಹ್ನ ಬಂದೆ. ಅಮ್ಮ ಯಾಕೆ ಬಂದೆ ಅಂತ ಕೇಳಲಿಲ್ಲ. ಮುಖ ನೋಡಿದಳು, ಬರ್ಲ್ ಬಾಯಿ ಬಿಟ್ಟಿದ್ದಾನೆ ಅಂತ ಗೊತ್ತಾಗಿರಬೇಕು. ಸೂಪು ಬಡಿಸಿದಳು. ಇಬ್ಬರೂ ಸರಿಯಾಗಿ ತಿನ್ನಲಿಲ್ಲ.

ಐದಕ್ಕೆ ಮುಂಚೆ ಶಾಲು ಹುಡುಕಲು ಎದ್ದಳು. ನಾನೂ ಎದ್ದೆ. ಟ್ರಕ್ಕಿನಲ್ಲಿ ಉಸಿರು ಬಿಟ್ಟರೆ ಗಾಜು ಮಂಜಾಗುತ್ತಿತ್ತು. ರೇಡಿಯೋ ಹಾಕಲಿಲ್ಲ. ಬೀಗದ ಕೈ ಅವಳ ಕೈಯಲ್ಲೇ ಇತ್ತು.

"ನಿಂಗೆ ಆ ದನಿ ಕೇಳೋಕೆ ಆಗ್ತಿತ್ತಾ ಅಮ್ಮ?"

"ಇಲ್ಲ."

"ಒಂದಿನಾನೂ?"

"ಒಂದಿನಾನೂ ಇಲ್ಲ. ಮನೆ ಒಳಗೆ ಬರೋದು ಬೇಡ ಅಂತ ಇಲ್ಲಿಗೆ ಬರ್ತಿದ್ದೆ. ಇಲ್ಲಿ ಕೇಳಿ, ಇಲ್ಲೇ ಬಿಟ್ಟು ಹೋಗ್ತಿದ್ದೆ. ನಗು ಬರೋವಾಗ ಮಾತ್ರ..." ಕೈಯನ್ನು ತೊಡೆಯ ನಡುವೆ ಒತ್ತಿಕೊಂಡಳು. "ನಿಂಗೆ ಬೇಕು ಅಂದಿದ್ಯಲ್ಲ."

"ನಾನು ಪದ್ಧತಿ ಉಳಿಸ್ದೆ ಅಂದ್ಕೊಂಡಿದ್ದೆ. ಇನ್ನೊಬ್ರು ಹಾಡ್ಬಾರ್ದು ಅಂತ ತಾನೆ? ಅವಳ ಜಾಗ ಅವಳಿಗೇ ಇರ್ಲಿ ಅಂತ ತಾನೆ?"

ಅಮ್ಮ ನನ್ನನ್ನೇ ನೋಡಿದಳು. ಬೈಯುತ್ತಾಳೆ ಅನಿಸಿತು. ಬೈದಿದ್ದರೆ ಚೆನ್ನಾಗಿತ್ತು.

"ಅವಳಿಗಲ್ಲ ಮಗಳೇ. ಹೋದೋರಿಗೆ ಜಾಗ ಯಾಕೆ? ಖಾಲಿ ಬಿಡೋದು ನಮಗೆ. ವರ್ಷ ಪೂರ್ತಿ ಆ ಖಾಲಿ ಕೇಳಿ ಕೇಳಿ ಕಿವಿಗೆ ಗೊತ್ತಾಗ್ಲಿ, ಇಲ್ಲ ಅಂತ. ಗೊತ್ತಾದ ಮೇಲೆ ಯಾರು ಬೇಕಾದ್ರೂ ಹಾಡ್ಲಿ. ನಿಮ್ಮಜ್ಜ ಹೋದಾಗ ಹಾಗೇ ಮಾಡಿದ್ದು. ನಮಗಿಬ್ಬರಿಗೆ ಈ ಸಲ ಒಂದು ದಿನಾನೂ ಆ ಖಾಲಿ ಸಿಗ್ಲಿಲ್ಲ."

ವರ್ಷ ಮುಗಿಯುತ್ತಾ ಬಂತು. ನಾವು ಇನ್ನೂ ಶುರುವೇ ಮಾಡಿಲ್ಲ. ಡ್ರೂ ವಿಷಯ ಹೇಳಿದೆ. ಎಲ್ಲ ಹೇಳಿದೆ. ಅಮ್ಮ "ಅಯ್ಯೋ ಹುಚ್ಚಿ" ಅಂದಳು, ನನ್ನ ತಲೆಯನ್ನು ಎಳೆದು ಶಾಲಿನೊಳಗೆ ಇಟ್ಟುಕೊಂಡಳು. ಅವಳ ಎದೆಯ ಮೂಳೆ ಕೆನ್ನೆಗೆ ಒತ್ತುತ್ತಿತ್ತು. ಎಷ್ಟು ಇಳಿದುಹೋಗಿದ್ದಾಳೆ.

ಐದು ದಾಟಿತು. ಬರ್ಲ್ ಮಾಮನಿಗೆ ಇವತ್ತು ನಾವಿಬ್ಬರೂ ಫೋನ್ ಮಾಡಿರಲಿಲ್ಲ.

"ಹಾಡು" ಅಂದಳು ಅಮ್ಮ.

"ಯಾವುದು?"

"ಅದೇ. ನಿನ್ನ ಪಾಲು ಎಷ್ಟೋ ಅಷ್ಟೇ."

ಗಿಟಾರ್ ಇಲ್ಲ, ಬಿಸಿನೀರಿಲ್ಲ, ಜೇನಿಲ್ಲ. ಹಾಡಿದೆ. ಪಲ್ಲವಿಗೆ ಬಂದೆ. ಅವಳು ಏರುವ ಜಾಗಕ್ಕೆ ಬಂದಾಗ ಮೈ ತಾನಾಗಿ ಬಲಕ್ಕೆ ಸರಿಯಿತು, ಬಾಗಿಲಿಗೆ ಭುಜ ತಾಗಿತು. ಕಾದೆ.

ಏನೂ ಬರಲಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಬಂದಿತ್ತು, ಗೋರಿಯ ಹತ್ತಿರ ಬಂದಿತ್ತು, ಎಲ್ಲೆಲ್ಲೂ ಬಂದಿತ್ತು. ಇಲ್ಲಿ ಗಾಜಿನ ಮಂಜು, ಅಮ್ಮನ ಉಸಿರು, ಅಷ್ಟೇ. ನೋಲಾ ಇಲ್ಲ. ಜನವರಿಯಿಂದ ಇಲ್ಲ.

ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. "ಇನ್ನೊಂದ್ಸಲ" ಅಂದಳು.

ಇನ್ನೊಂದು ಸಲ ಶುರುಮಾಡಿದೆ. ಆ ಜಾಗ ಬಂತು. ನಾನು ಈ ಸಲ ಸರಿಯದೆ ನನ್ನ ಪಾಲನ್ನಷ್ಟೇ ಹಾಡಿ, ಅವಳ ಜಾಗವನ್ನು ಖಾಲಿ ಬಿಟ್ಟೆ.